ಎಡಸೀಟಿನ ಕೆಳಗಿನ ನೀರು

ಅಪ್ಪ ತೀರಿಕೊಂಡ ಮರುವರ್ಷ ಅವ್ವ ಧಾರವಾಡ ಬಿಟ್ಟು ನಮ್ಮೊಡನೆ ಮುಂಬಯಿಗೆ ಬಂದಳು; ಅವಳ ಹಿಂದೆಯೇ ಅಪ್ಪನ ಕಾರೂ ಬಂದಿತು. 2010ರಲ್ಲಿ ಕೊಂಡ ಸಣ್ಣ ಗಾಡಿ. ಆಂಟಾಪ್ ಹಿಲ್‌ನ ಸರಕಾರಿ ವಸತಿಗೃಹದ ಅಂಗಳದಲ್ಲಿ, ಮಳೆಮರವೊಂದರ ಕೆಳಗೆ ಅದಕ್ಕೆ ಜಾಗ ದೊರೆಯಿತು. ಈ ಊರಿನಲ್ಲಿ ನೆರಳೂ ಸಿಕ್ಕಿತಲ್ಲ ಎಂದು ನಾವು ಬೀಗಿದೆವು.

ಮಳೆ ಹಿಡಿದ ಎರಡನೆಯ ವಾರಕ್ಕೆ ಬಾಗಿಲು ತೆರೆದರೆ ಮುಗ್ಗಲು ವಾಸನೆ. ಸೀಟ್ ಬೆಲ್ಟಿನ ಮೇಲೆ ಬೂಷ್ಟು. ಗಾಡಿ ಸಯಾನ್ ಮುಟ್ಟುವುದರೊಳಗೆ ಗಾಜಿನ ಒಳಮೈಯೆಲ್ಲ ಮಂಜು; ಒಬ್ಬರು ನಡೆಸಬೇಕು, ಇನ್ನೊಬ್ಬರು ಹಳೆಯ ಪಂಚೆಯ ತುಂಡಿನಿಂದ ಒರೆಸಬೇಕು. ಕರ್ಪೂರ ಇಟ್ಟೆವು, ಕಾಫಿಪುಡಿ ಇಟ್ಟೆವು, ಕೊನೆಗೆ ಮಲ್ಲಿಗೆಯ ಪರಿಮಳದ ಡಬ್ಬಿಯನ್ನೂ ಇಟ್ಟೆವು. ಮುಗ್ಗಲಿಗೆ ಮಲ್ಲಿಗೆ ಸೇರಿ ಇನ್ನಷ್ಟು ಅಸಹ್ಯವಾಯಿತು. ಡಿಕನ್ಸನ ‘ಬ್ಲೀಕ್ ಹೌಸ್’ ಮಂಜಿನಿಂದ ಏಕೆ ಆರಂಭವಾಗುತ್ತದೆ ಎಂದು ಎಂ.ಎ. ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದ ನಮಗೆ, ಕಾರಿನ ಗಾಜಿಗೆ ಮಂಜು ಏಕೆ ಕಟ್ಟುತ್ತದೆ ಎಂಬುದು ತಿಳಿದಿರಲಿಲ್ಲ.

ಮಗಳಿಗೆ ಕೆಮ್ಮು ಹತ್ತಿತು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಗಾಡಿ ಮಾರಿಬಿಡುವ ಮಾತು ಬಂದಿತು. ಅವ್ವ ಏನೂ ಹೇಳದೆ ಮಜ್ಜಿಗೆಯನ್ನ ಕಲಸಿಕೊಂಡಳು.

ಮಾರುವ ಮೊದಲು ಒಮ್ಮೆ ತೋರಿಸೋಣವೆಂದು ವಡಾಳಾದ ಗ್ಯಾರೇಜೊಂದಕ್ಕೆ ಒಯ್ದೆವು. ಮುದುಕ ಮೇಸ್ತ್ರಿ ಬಾನೆಟ್ ಎತ್ತಿ, ಮುಂಗಾಜಿನ ಬುಡದ ಪ್ಲಾಸ್ಟಿಕ್ ಜಾಲರಿಯನ್ನು ಬಿಚ್ಚಿದ. ಅದರಡಿಯ ಕಾಲುವೆಯಲ್ಲಿ ಮಳೆಮರದ ಸಣ್ಣೆಲೆಗಳು ಕೊಳೆತು ಗೊಬ್ಬರವಾಗಿದ್ದವು. ಹೊರಗೆ ಹರಿದುಹೋಗಬೇಕಾದ ಮಳೆನೀರು ಅಲ್ಲಿ ನಿಂತು, ಫ್ಯಾನಿನ ಪೆಟ್ಟಿಗೆಯ ಅಂಚಿನಿಂದ ಒಳಗೆ ಜಿನುಗುತ್ತಿತ್ತು. ಎ.ಸಿ.ಯ ನೀರು ಹೊರಬೀಳುವ ರಬ್ಬರ್ ನಳಿಕೆಯೂ ಕಟ್ಟಿತ್ತು. ಇನ್ನು ಹೊರಗಾಳಿಯನ್ನು ಒಳಬಿಡುವ ಲಿವರ್: ಹುಬ್ಬಳ್ಳಿ ರಸ್ತೆಯ ಧೂಳಿಗೆ ಅಂಜಿ ಅಪ್ಪ ಅದನ್ನು ಎಂದೂ ಮುಚ್ಚಿಯೇ ಇಡುತ್ತಿದ್ದ, ಅದು ಹಾಗೆಯೇ ಬಿಗಿದುಕೊಂಡಿತ್ತು. ನಮ್ಮ ಉಸಿರಿನ ತೇವ ಹೊರಹೋಗಲು ದಾರಿಯಿಲ್ಲದೆ, ಒಳಗೇ ಸುತ್ತಿ ತಣ್ಣನೆಯ ಗಾಜಿಗೆ ಅಂಟುತ್ತಿತ್ತು.

ಮೇಸ್ತ್ರಿ ಎಡಸೀಟಿನ ಮುಂದಿನ ಕಾರ್ಪೆಟ್ ಎತ್ತಿದಾಗ ಕೆಳಗಿನ ಸ್ಪಂಜಿನಿಂದ ನೀರು ಒಸರಿತು. ಹಿಂಡಿದರೆ ಅರ್ಧ ಬಕೆಟ್ ಆಯಿತು. ಅದು ಅವ್ವ ಕೂರುವ ಜಾಗ. ಅಪ್ಪ ಇದ್ದಾಗಲೂ ಅಲ್ಲಿಯೇ ಕೂರುತ್ತಿದ್ದಳು. ತಿಂಗಳಿನಿಂದ ಅವಳು ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಕಾಲು ಮಡಚಿ ಕೂರುತ್ತಿದ್ದುದನ್ನು ಕಂಡಿದ್ದೆವು; ಮಂಡಿನೋವೆಂದು ಬಗೆದಿದ್ದೆವು.

ಆ ಸಂಜೆ ಕೇಳಿದೆವು.

“ಕಾಲು ತೊಯ್ತಾವ ಅಂತ ಹೇಳಿದ್ರ ನೀವು ಗಾಡಿ ಮಾರಿಬಿಡ್ತೀರಿ ಅಂತ ಸುಮ್ಮನಿದ್ದೆ” ಎಂದಳು.

ಕಾರ್ಪೆಟ್ಟನ್ನು ಹಾಲಿನಲ್ಲಿ ಫ್ಯಾನಿನ ಕೆಳಗೆ ಹತ್ತು ದಿನ ಹರವಿದೆವು. ಮನೆಯೇ ಗ್ಯಾರೇಜಿನಂತೆ ನಾರಿತು. ಗಾಡಿಯನ್ನು ಮರದಡಿಯಿಂದ ಬಯಲಿಗೆ ಸರಿಸಿದೆವು. ಮಳೆಯಲ್ಲಿಯೂ ಎ.ಸಿ. ಹಚ್ಚಬೇಕು, ಅದು ಗಾಳಿಯ ತೇವವನ್ನು ಹೀರುತ್ತದೆ ಎಂದು ಮೇಸ್ತ್ರಿ ಹೇಳಿದ್ದನ್ನು ಪಾಲಿಸತೊಡಗಿದೆವು. ಮಗಳ ಕೆಮ್ಮು ಇಳಿಯಿತು. ಮಾರುವ ಮಾತು ಮತ್ತೆ ಬರಲಿಲ್ಲ.

ಕಳೆದ ಭಾನುವಾರ ಮಾಟುಂಗಾದ ಕನ್ನಡ ಕಾರ್ಯಕ್ರಮಕ್ಕೆ ಹೊರಟೆವು. ಅವ್ವ ಕಾಲು ಕೆಳಗಿಟ್ಟೇ ಕುಳಿತಿದ್ದಳು. ದಾರಿಯಲ್ಲಿ ಕಟ್ಟಡವೊಂದನ್ನು ಕೆಡವುತ್ತಿದ್ದರು. “ಧೂಳ ಒಳಗ ಬರತದ” ಎಂದು ಅವಳು ಕೈ ಚಾಚಿ ಲಿವರನ್ನು ಮುಚ್ಚಿದಳು. ಗಾಜಿನ ಮೂಲೆಯಲ್ಲಿ ಮಂಜು ಕಟ್ಟತೊಡಗಿತು. ಮಾಟುಂಗಾ ಬರುವವರೆಗೆ ನಾವು ಅದನ್ನು ತೆರೆಯಲಿಲ್ಲ.