ಹೈಡ್ ಪಾರ್ಕ್‌ನ ಹದಿಮೂರನೆಯ ಕ್ಷೇತ್ರ

ಶಿಕಾಗೋ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು 1893ರಲ್ಲಿ ಸ್ವಾಮಿ ವಿವೇಕಾನಂದರು ಮಾಡಿದ ಭಾಷಣ. ಆಮೇಲೆ ವಿಲ್ಲಿಸ್ ಟವರ್ (ನಮ್ಮ ಬಾಯಲ್ಲಿ ಅದಿನ್ನೂ ಸಿಯರ್ಸ್ ಟವರೇ!), ಮಿಶಿಗನ್ ಸರೋವರ, ಡೆವನ್ ಅವೆನ್ಯೂನ ಮಸಾಲೆ ದೋಸೆ. ಊರಿನಿಂದ ಬಂದ ನೆಂಟರಿಷ್ಟರಿಗೆ ಇವನ್ನೆಲ್ಲ ತೋರಿಸಿದ ಮೇಲೆ ನಾನು ಇನ್ನೊಂದು ಕಡೆಗೂ ಕಾರು ತಿರುಗಿಸುತ್ತೇನೆ. ಅದು ನಗರದ ದಕ್ಷಿಣಕ್ಕಿರುವ ಹೈಡ್ ಪಾರ್ಕ್.

ಶಿಕಾಗೋ ವಿಶ್ವವಿದ್ಯಾಲಯದ ಬೂದು ಕಲ್ಲಿನ ಕಟ್ಟಡಗಳು, ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ರೋಬಿ ಹೌಸ್, 1893ರ ವಿಶ್ವ ಮೇಳದ ಕಟ್ಟಡದಲ್ಲೇ ಇರುವ ವಿಜ್ಞಾನ ವಸ್ತುಸಂಗ್ರಹಾಲಯ, ಇವೆಲ್ಲ ಇಲ್ಲಿವೆ. ಕನ್ನಡಿಗರಿಗಂತೂ ಇದು ಪುಣ್ಯಕ್ಷೇತ್ರವೇ ಸರಿ. ಮೈಸೂರಿನ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಪಾಠ ಹೇಳಿದರು. ಬಸವಣ್ಣ, ಅಕ್ಕಮಹಾದೇವಿಯರ ವಚನಗಳ ಅವರ ಇಂಗ್ಲಿಷ್ ಅನುವಾದ 1973ರಲ್ಲಿ ಪ್ರಕಟವಾದದ್ದೂ ಅವರು ಇಲ್ಲಿದ್ದಾಗಲೇ.

ನಾನು ಹೇಳಹೊರಟದ್ದು ಮಾತ್ರ ಇನ್ನೊಂದು ಕ್ಷೇತ್ರದ ಮಾತು. ಹೈಡ್ ಪಾರ್ಕ್ ಇರುವುದು ಇಲಿನಾಯ್ ರಾಜ್ಯ ಸೆನೆಟ್‌ನ 13ನೆಯ ಕ್ಷೇತ್ರದಲ್ಲಿ. ರಾಜ್ಯದಲ್ಲಿ ಇಂಥ 59 ಕ್ಷೇತ್ರಗಳಿವೆ. ಪ್ರತಿಯೊಂದನ್ನೂ ಎರಡಾಗಿ ಸೀಳಿದರೆ ಕೆಳಮನೆಯ 118 ಕ್ಷೇತ್ರಗಳು. ನಮ್ಮ ವಿಧಾನ ಪರಿಷತ್ತಿನಂತಲ್ಲ, ಇಲ್ಲಿ ಎರಡೂ ಮನೆಗಳಿಗೆ ಸಾಮಾನ್ಯ ಮತದಾರರೇ ನೇರವಾಗಿ ಆರಿಸುತ್ತಾರೆ. ಸಭೆ ಸೇರುವುದು ಸುಮಾರು 200 ಮೈಲಿ ದೂರದ ಸ್ಪ್ರಿಂಗ್‌ಫೀಲ್ಡಿನಲ್ಲಿ.

1967ರಿಂದ 1991ರವರೆಗೆ ಈ ಭಾಗವನ್ನು ಪ್ರತಿನಿಧಿಸಿದವರು ರಿಚರ್ಡ್ ನ್ಯೂಹೌಸ್ ಎಂಬ ಕಪ್ಪು ವಕೀಲರು. 1975ರಲ್ಲಿ, ಶಿಕಾಗೋದಲ್ಲಿ ಮೇಯರ್ ಡೇಲಿಯ ಮಾತೇ ವೇದವಾಕ್ಯವಾಗಿದ್ದ ಕಾಲದಲ್ಲಿ, ಅವರ ವಿರುದ್ಧವೇ ಮೇಯರ್ ಪ್ರೈಮರಿಗೆ ನಿಂತು ಸೋತ ಧೈರ್ಯವಂತರು. ಅವರ ನಂತರ ಬಂದವರು ಆಲಿಸ್ ಪಾಮರ್.

ಪಾಮರ್ 1995ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಸ್ಪರ್ಧಿಸಿ ಜೆಸ್ಸಿ ಜಾಕ್ಸನ್ ಜೂನಿಯರ್ ಎದುರು ಸೋತರು. ಅಷ್ಟರಲ್ಲಿ ಅವರ ರಾಜ್ಯ ಸೆನೆಟ್ ಸ್ಥಾನಕ್ಕೆ ಇಲ್ಲಿನ ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ತರುಣ ನಿಂತಾಗಿತ್ತು. ಪಾಮರ್ ತಮ್ಮ ಸ್ಥಾನ ತಮಗೇ ಬೇಕೆಂದರು, ತರುಣ ಒಪ್ಪಲಿಲ್ಲ. ನಮ್ಮಲ್ಲಿ ವಿಧಾನಸಭೆಗೆ ನಿಲ್ಲುವ ಪಕ್ಷೇತರನಿಗೆ 10 ಜನ ಸೂಚಕರು ಸಾಕು. ಇಲ್ಲಿ ಆಗ 757 ಮತದಾರರ ಸಹಿ ಬೇಕಿತ್ತು. ಪಾಮರ್ ಸುಮಾರು 1,580 ಸಹಿ ತಂದಿದ್ದರು. ತರುಣನ ಕಡೆಯವರು ಒಂದೊಂದೇ ಸಹಿಯನ್ನು ತಾಳೆ ನೋಡಿ ಆಕ್ಷೇಪಣೆ ಎತ್ತಿದರು. ಸರಿಯಾದ ಸಹಿಗಳು ಸಾಲದೆ ಪಾಮರ್ ಹಿಂದೆ ಸರಿದರು. ಉಳಿದ ಪ್ರತಿಸ್ಪರ್ಧಿಗಳೂ ಹಾಗೆಯೇ ಕಳಚಿಕೊಂಡರು. 1996ರ ಪ್ರೈಮರಿಯಲ್ಲಿ ಎದುರಾಳಿಯೇ ಇಲ್ಲದೆ ಗೆದ್ದ ಆ ತರುಣ ಬರಾಕ್ ಒಬಾಮ!

2000ದಲ್ಲಿ ಕಾಂಗ್ರೆಸ್ಸಿಗೆ ನಿಂತ ಒಬಾಮ ಬಾಬಿ ರಷ್ ಎದುರು ಹೀನಾಯವಾಗಿ ಸೋತರು. ಅವರ ಅದೃಷ್ಟ ತಿರುಗಿದ್ದು ಒಂದು ಟೋಪಿಯಿಂದ. ಕರ್ನಾಟಕದಲ್ಲಿ ಕ್ಷೇತ್ರಗಳ ಗೆರೆ ಎಳೆಯುವುದು ಕ್ಷೇತ್ರ ಮರುವಿಂಗಡಣಾ ಆಯೋಗ, 2008ರ ಚುನಾವಣೆ ಹಾಗೆ ಬಂದ ಹೊಸ ಗೆರೆಗಳ ಮೇಲೆಯೇ ನಡೆಯಿತು. ಇಲಿನಾಯ್‌ನಲ್ಲಿ ಗೆರೆ ಎಳೆಯುವವರು ಶಾಸಕರೇ. ಅವರಲ್ಲಿ ಒಮ್ಮತ ಬಾರದಿದ್ದರೆ ಎರಡೂ ಪಕ್ಷದವರು ಸಮಸಮನಾಗಿರುವ ಸಮಿತಿ. ಅದೂ ಕೈಚೆಲ್ಲಿದರೆ ಚೀಟಿ ಎತ್ತುವುದು! 2001ರಲ್ಲಿ ಲಿಂಕನ್ನರ ಉದ್ದ ಟೋಪಿಯಂಥದೇ ಟೋಪಿಯಿಂದ ಎತ್ತಿದ ಚೀಟಿ ಡೆಮಾಕ್ರಟಿಕ್ ಪಕ್ಷಕ್ಕೆ ಬಂತು. ಆ ಪಕ್ಷ ತನಗೆ ಬೇಕಾದಂತೆ ನಕ್ಷೆ ಬರೆಯಿತು. 13ನೆಯ ಕ್ಷೇತ್ರ ಸರೋವರದ ಅಂಚು ಹಿಡಿದು ಉತ್ತರಕ್ಕೆ ಚಾಚಿ, ಡೌನ್‌ಟೌನ್ ದಾಟಿ, ಸಿರಿವಂತರ ಗೋಲ್ಡ್ ಕೋಸ್ಟ್ ಮುಟ್ಟಿತು. ಒಬಾಮರಿಗೆ ಹೊಸ ಮತದಾರರೂ ದೊಡ್ಡ ದೇಣಿಗೆದಾರರೂ ಸಿಕ್ಕರು. 2003ರಲ್ಲಿ ಸೆನೆಟ್ಟಿನ ಬಹುಮತವೂ ಅವರ ಪಕ್ಷಕ್ಕೆ ಬಂದು, ಅವರು ಆರೋಗ್ಯ ಮತ್ತು ಮಾನವ ಸೇವೆಗಳ ಸಮಿತಿಯ ಅಧ್ಯಕ್ಷರಾದರು. ಕೊಲೆ ಪ್ರಕರಣಗಳಲ್ಲಿ ಪೊಲೀಸ್ ವಿಚಾರಣೆಯನ್ನು ದಾಖಲಿಸಬೇಕೆಂಬ ಕಾನೂನು ಅದೇ ವರ್ಷ ಅವರು ತಂದದ್ದು.

2004ರಲ್ಲಿ ಒಬಾಮ ಅಮೆರಿಕದ ಸೆನೆಟ್ಟಿಗೆ ಆಯ್ಕೆಯಾದಾಗ ಇಲ್ಲಿ ಉಪಚುನಾವಣೆ ನಡೆಯಲಿಲ್ಲ. ತೆರವಾದ ಸ್ಥಾನಕ್ಕೆ ಅದೇ ಪಕ್ಷದ ಸ್ಥಳೀಯ ಮುಖಂಡರು ಹೆಸರು ಸೂಚಿಸುವುದು ಇಲ್ಲಿಯ ಪದ್ಧತಿ. ಹಾಗೆ ಬಂದವರು ಕ್ವಾಮೆ ರಾಊಲ್. ವೈದ್ಯನಾದ ನನಗೆ ಇವರ ಕಥೆ ಬಹಳ ಹಿಡಿಸುತ್ತದೆ. ಅವರ ತಂದೆ ಹೈಟಿಯಿಂದ ವಲಸೆ ಬಂದು ದಕ್ಷಿಣ ಶಿಕಾಗೋದಲ್ಲಿ ಪ್ರಾಕ್ಟೀಸ್ ಮಾಡಿದ ಡಾಕ್ಟರು. ಮಗ 2011ರಲ್ಲಿ ರಾಜ್ಯದ ಮರಣದಂಡನೆಯನ್ನು ರದ್ದು ಮಾಡಿದ ಮಸೂದೆಯನ್ನು ಸೆನೆಟ್ಟಿನಲ್ಲಿ ಮುನ್ನಡೆಸಿ, 2018ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಆಗಿ ಗೆದ್ದರು. 2019ರಲ್ಲಿ ಅವರ ಜಾಗಕ್ಕೆ ಬಂದ ರಾಬರ್ಟ್ ಪೀಟರ್ಸ್ ಹಣ ಕಟ್ಟಿ ಪಡೆಯುವ ಜಾಮೀನನ್ನು ತೆಗೆದುಹಾಕಲು ದುಡಿದವರು. 2023ರ ಸೆಪ್ಟೆಂಬರಿನಲ್ಲಿ ಇಡೀ ದೇಶದಲ್ಲೇ ಮೊದಲಿಗೆ ಇಲಿನಾಯ್ ಅದನ್ನು ಪೂರ್ತಿ ಕೈಬಿಟ್ಟಿತು.

ಕೀನ್ಯಾದಿಂದ ಓದಲು ಬಂದವರ ಮಗ, ಹೈಟಿಯಿಂದ ಬಂದ ಡಾಕ್ಟರ ಮಗ, ಒಬ್ಬರಾದ ಮೇಲೊಬ್ಬರು ಒಂದೇ ಕುರ್ಚಿಯಲ್ಲಿ ಕೂತರು ನೋಡಿ. ನಮ್ಮ ಮಕ್ಕಳೂ ವಲಸೆ ಬಂದವರ ಮಕ್ಕಳೇ ಅಲ್ಲವೇ? 2018ರಲ್ಲಿ ಇದೇ ಸೆನೆಟ್‌ನ 8ನೆಯ ಕ್ಷೇತ್ರದಿಂದ ರಾಮ್ ವಿಲ್ಲಿವಾಲಂ ಗೆದ್ದು, ಇಲಿನಾಯ್ ಶಾಸನಸಭೆಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರಾದರು.

ನಮ್ಮಲ್ಲಿ ಅನೇಕರಿಗೆ ಊರಿನ ಎಂ.ಎಲ್.ಎ. ಯಾರು, ಯಾವ ಪಕ್ಷದಿಂದ ಯಾವ ಪಕ್ಷಕ್ಕೆ ಹಾರಿದರು, ಎಷ್ಟು ಮತಗಳಿಂದ ಗೆದ್ದರು ಎಲ್ಲವೂ ಬಾಯಿಪಾಠ. ಆದರೆ ನಾವು ತೆರಿಗೆ ಕಟ್ಟುವುದು ಇಲ್ಲಿ. ನನ್ನ ವೈದ್ಯಕೀಯ ಲೈಸೆನ್ಸ್ ಕೊಡುವುದು ವಾಷಿಂಗ್ಟನ್ ಅಲ್ಲ, ಈ ರಾಜ್ಯ. ಬಡ ರೋಗಿಯ ಮೆಡಿಕೇಡ್‌ಗೆ, ನಿಮ್ಮ ಮಕ್ಕಳ ಶಾಲೆಗೆ ಎಷ್ಟು ದುಡ್ಡು ಎಂಬುದರಲ್ಲಿ ಸ್ಪ್ರಿಂಗ್‌ಫೀಲ್ಡಿನ ಆ 59 ಜನರ ಮಾತೂ ಇದೆ. ಪೌರತ್ವ ಸಿಕ್ಕವರು ಮತ ಹಾಕಬಹುದು, ಸಿಗದವರೂ ಅವರ ಕಚೇರಿಗೆ ಪತ್ರ ಬರೆಯಬಹುದು.

ಅದಕ್ಕೇ ಒಂದು ಎಚ್ಚರಿಕೆ. ಈ ಸಲ ಹಬ್ಬದ ಊಟದ ಸಾಲಿನಲ್ಲಿ ನೀವು ನನ್ನ ಪಕ್ಕ ನಿಂತರೆ, ಬಿಸಿಬೇಳೆಭಾತ್ ಬಡಿಸುವ ಮೊದಲೇ ಕೇಳುತ್ತೇನೆ: "ನಿಮ್ಮ ಸ್ಟೇಟ್ ಸೆನೆಟರ್ ಯಾರು, ಹೇಳಿ ನೋಡೋಣ?"