ಎಣ್ಣೆಯ ಅಳತೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಅಪ್ಪನ ಯೆಜ್ಡಿ ಮಸಗುಪ್ಪಿಯ ನಮ್ಮ ಅಂಗಳದಲ್ಲಿ ಇನ್ನೂ ಇದೆ. ಟೂ-ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನೊಡನೆ ಬೆರೆತು ಹೋಗುವ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಜೀವ. ಅಪ್ಪ ಲೀಟರಿಗೆ 40 ಮಿಲಿ ಅಳೆದು, ಡಬ್ಬಿಯಲ್ಲಿ ಕುಲುಕಿ, ಆಮೇಲೆ ಟ್ಯಾಂಕಿಗೆ ಸುರಿಯುತ್ತಿದ್ದರು.

ಕಾಲೇಜಿನ ದಿನಗಳಲ್ಲಿ ಹೊಗೆಗೆ ನಾಚಿ ನಾನು ಅದನ್ನು ಅರ್ಧಕ್ಕೆ ಇಳಿಸಿದೆ. ಗೋಕಾಕದ ದಾರಿಯಲ್ಲಿ, ಬಿರುಬಿಸಿಲಲ್ಲಿ, ಪಿಸ್ಟನ್ ಸೀಜಾಗಿ ಹಿಂದಿನ ಗಾಲಿ ಬಿಗಿಯಿತು. ತಟ್ಟನೆ ಕ್ಲಚ್ ಹಿಡಿದದ್ದಕ್ಕೆ ಬದುಕಿದೆ.

ಅಪ್ಪ ಬಯ್ಯಲಿಲ್ಲ. ಸಿಲಿಂಡರ್ ಬಿಚ್ಚಿ, ಗೀರು ಬಿದ್ದ ಪಿಸ್ಟನ್ನನ್ನು ನನ್ನ ಕೈಗಿಟ್ಟರು. "ಹೊಗಿ ಕಣ್ಣಿಗೆ ಕಾಣ್ತೈತಿ, ಒಳಗ ಸವದದ್ದು ಕಾಣಂಗಿಲ್ಲೋ."

ಎಣ್ಣೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ; ಉಜ್ಜಿ ತೆಗೆಯಬಹುದು. ಕಡಿಮೆಯಾದರೆ ಎಂಜಿನ್ನೇ ಹೋಗುತ್ತದೆ. ಅಪ್ಪ ಈಗಿಲ್ಲ. ಅಳೆಯುವಾಗ ನನ್ನ ಕೈ 40ರ ಗೆರೆಗಿಂತ ಕೂದಲೆಳೆಯಷ್ಟು ಮೇಲೆಯೇ ನಿಲ್ಲುತ್ತದೆ.