"ಎಲ್ರೂ ಹಂಗೇ ಅಂತಾರೆ ಸ್ವಾಮಿ"

ಬೇರೆಯವರ ತಪ್ಪಿನ ಬಗ್ಗೆ ಇಲ್ಲಿ ಬಹಳ ಬರೆದಿದ್ದೀನಿ. ಇವತ್ತು ನನ್ನದೇ ತಪ್ಪು ಬರೀತಿದ್ದೀನಿ.

ಕಳೆದ ತಿಂಗಳು, ಒಂದು ಸೋಮವಾರ. ಆಫೀಸಲ್ಲಿ ನನ್ನ ಟೇಬಲ್ ಮುಂದೆ ಜನ ತುಂಬಿದ್ರು. ಮಾಸಿದ ಸೀರೆ, ಕೆದರಿದ ತಲೆ, ಕೈಲೊಂದು ಪ್ಲಾಸ್ಟಿಕ್ ಕವರ್, ವಯಸ್ಸಾದ ಒಬ್ಬರು ಹತ್ತಿರ ಬಂದ್ರು. ತಲೆ ಎತ್ತಿ ನೋಡಿದವನೇ, "ಏಯ್, ದೂರ ನಿಂತ್ಕೊ. ಮಧ್ಯಾಹ್ನದ ಮೇಲೆ ಬಾ" ಅಂದೆ. ಅವರ ಹಿಂದೆ ಇಸ್ತ್ರಿ ಮಾಡಿದ ಬಿಳಿ ಶರ್ಟಿನವರೊಬ್ಬರು, ಬೆರಳಲ್ಲಿ ಉಂಗುರ. "ಬನ್ನಿ ಸಾರ್, ಕೂತ್ಕೊಳ್ಳಿ" ಅಂದೆ.

ಆ ತಾಯಿ ಜಗಳ ಆಡಲಿಲ್ಲ. "ಬೆಳಗ್ಗೆಯಿಂದ ಬೀದಿ ಗುಡಿಸಿ ಸೀದಾ ಬಂದೆ ಸ್ವಾಮಿ. ನಾಳೆ ಸ್ನಾನ ಮಾಡ್ಕೊಂಡೇ ಬರ್ತೀನಿ ಬಿಡಿ" ಅಂದು ಹೊರಟುಹೋದ್ರು.

ಪೌರಕಾರ್ಮಿಕರನ್ನ ಖಾಯಂ ಮಾಡಿ ಅಂತ ಧರಣಿ ಕೂತವನು ನಾನು. ನನ್ನ ಕುರ್ಚಿ ಹಿಂದೆ ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ.

ಇನ್ನೂ ಒಂದು ವಿಷಯ ಇದೆ. ತಾತನ ಕಾಲದಿಂದ ನಮ್ಮ ಮನೆಯವರು ಚರ್ಚಿಗೆ ಹೋಗೋರು. ಹಿಂದಿನ ದಿನ ಭಾನುವಾರದ ಆರಾಧನೆಯಲ್ಲಿ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಓದಿದ್ದು ನಾನೇ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ ಕೊಟ್ಟು, ಕೊಳಕು ಬಟ್ಟೆಯ ಬಡವನಿಗೆ ಅಲ್ಲೇ ನಿಲ್ಲು ಅನ್ನುವವರನ್ನ ಯಾಕೋಬ ಅಲ್ಲಿ ತರಾಟೆಗೆ ತಗೋತಾನೆ. ಮುಂದಿನ ಅಧ್ಯಾಯದಲ್ಲಿ, ದೇವರನ್ನ ಕೊಂಡಾಡುವ ನಾಲಿಗೆಯೇ ಮನುಷ್ಯರನ್ನ ಶಪಿಸಬಾರದು ಅಂತಾನೆ. ಮೈಕಲ್ಲಿ ಗಟ್ಟಿಯಾಗಿ ಓದಿ ಮನೆಗೆ ಬಂದು ಊಟ ಮಾಡಿ ಮಲಗಿದ್ದೆ.

ನಮ್ಮಪ್ಪ ಕೂಲಿ ಮಾಡ್ತಿದ್ದ. ಹೊಲದ ಯಜಮಾನರ ಮನೆಯ ಹತ್ತು ವರ್ಷದ ಹುಡುಗ ಅವನನ್ನ "ಬಾರ್ಲಾ" ಅಂತ ಕರೆಯೋನು. ಅಪ್ಪ "ಬಂದೆ ಬುದ್ಧಿ" ಅನ್ನೋನು. ಕನ್ನಡದಲ್ಲಿ ಜಾತಿ ಬೈಬೇಕಾಗಿಲ್ಲ, ಏಕವಚನ ಸಾಕು. ಅದನ್ನ ಕೇಳಿ ಹೊಟ್ಟೆ ಉರ್ಕೊಂಡು ಬೆಳೆದವನು ನಾನು.

1901ರಲ್ಲಿ ಬಾಲಕ ಅಂಬೇಡ್ಕರರು ಅಣ್ಣನ ಜೊತೆ ಅಪ್ಪನನ್ನ ನೋಡೋಕೆ ರೈಲಲ್ಲಿ ಹೋಗಿದ್ದನ್ನ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಮಕ್ಕಳ ಹೊಸ ಬಟ್ಟೆ ನೋಡಿ ಸ್ಟೇಷನ್ ಮಾಸ್ಟರ್ ಬ್ರಾಹ್ಮಣರ ಮಕ್ಕಳು ಅಂದ್ಕೊಂಡು ಕರುಣೆಯಿಂದ ಮಾತಾಡಿಸಿದ್ರು. ಮಹಾರರು ಅಂತ ತಿಳಿದ ಕೂಡಲೇ ಮುಖವೇ ಬದಲಾಯ್ತು. ಅವರು ಜಾತಿ ತಿಳ್ಕೊಂಡ ಮೇಲೆ ದೂರ ಹೋದ್ರು. ನಾನು ಬರೀ ಸೀರೆಯ ಧೂಳು ನೋಡಿ ದೂರ ಇಟ್ಟೆ.

ಮಾರನೇ ದಿನ ಅವರು ಬಂದ್ರು. ತಲೆ ಬಾಚಿ, ಮದುವೆ-ಮುಂಜಿಗೆ ಉಡುವಂಥ ಸೀರೆ ಉಟ್ಕೊಂಡಿದ್ರು. ವಿಧವಾ ವೇತನ ನಿಂತುಹೋಗಿದ್ದಕ್ಕೆ ಒಂದು ಅರ್ಜಿ, ಅಷ್ಟೇ ಅವರ ಕೆಲಸ. ನಾನು ಎದ್ದು ನಿಂತು, "ಕೂತ್ಕೊಳ್ಳಿ ಅವ್ವ, ನಿನ್ನೆ ತಪ್ಪಾಗಿ ಮಾತಾಡಿದೆ" ಅಂದೆ.

ಅವರು ಕೂರಲಿಲ್ಲ. "ಪರವಾಗಿಲ್ಲ ಬಿಡಿ. ಎಲ್ರೂ ಹಂಗೇ ಅಂತಾರೆ ಸ್ವಾಮಿ" ಅಂದ್ರು.

ಬೈದಿದ್ರೆ ಇಷ್ಟು ನೋಯ್ತಿರಲಿಲ್ಲ. ಆ "ಎಲ್ರೂ" ಅನ್ನೋದರೊಳಗೆ ನಮ್ಮಪ್ಪನನ್ನ ಕರೀತಿದ್ದ ಆ ಹುಡುಗನ ಪಕ್ಕದಲ್ಲೇ ನಾನೂ ನಿಂತಿದ್ದೆ.

ಈಗ ಟೇಬಲ್ ಹತ್ರ ಯಾರು ಬಂದ್ರೂ ಮೊದಲು "ಬನ್ನಿ, ಕೂತ್ಕೊಳ್ಳಿ" ಅಂತೀನಿ. ಕೆಲವು ಸಲ ಮರೆತು ನಾಲಿಗೆ ತುದಿಗೆ "ಬಾ" ಬಂದುಬಿಡುತ್ತೆ, ನುಂಗ್ತೀನಿ.

ಆಟೋದವರಿಗೆ, ಹೋಟೆಲಲ್ಲಿ ಟೇಬಲ್ ಒರೆಸುವವರಿಗೆ, ಮನೆಮುಂದೆ ಕಸ ತಗೊಳ್ಳೋರಿಗೆ ನೀವು ಏನಂತೀರಿ? ನಾಳೆ ಒಂದು ದಿನ ನಿಮ್ಮ ಮಾತು ನೀವೇ ಕೇಳಿಸಿಕೊಳ್ಳಿ.

ಜೈ ಭೀಮ್.